ಹಳೆಯ ಔಷಧಿ, ಹೊಸ ರೋಗ: ಕೊರೊನಾ ಕಾಲ ಕಲಿಸಿದ ಪಾಠ

(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಬಹುಮಾನ ವಿತರಣೆಗೆ ಮೊದಲು ಸ್ವಲ್ಪ ಹೊತ್ತು ಮಾತನಾಡಬೇಕೆಂದು ಸಂಘದವರು ಕೇಳಿಕೊಂಡರು. ವಿದ್ಯೆಯ ಮಹತ್ವದ ಬಗ್ಗೆ ಈ ವೇದಿಕೆಯಲ್ಲಿ ಪ್ರತಿ ವರ್ಷವೂ ಒಳ್ಳೆಯ ಭಾಷಣಗಳಾಗಿವೆ. ನಾನು ವೃತ್ತಿಯಿಂದ ವೈದ್ಯ, ಭಾಷಣಕಾರನಲ್ಲ. ಆದ್ದರಿಂದ ನನಗೆ ಗೊತ್ತಿರುವ ಒಂದು ವಿಷಯವನ್ನೇ ನಿಮ್ಮ ಮುಂದೆ ಇಡುತ್ತೇನೆ. ಒಂದು ಔಷಧಿ ನಿಜವಾಗಿಯೂ ಕೆಲಸ ಮಾಡುತ್ತದೆ ಎಂದು ನಮಗೆ ಹೇಗೆ ಗೊತ್ತಾಗುತ್ತದೆ? ಪ್ರಶ್ನೆ ಸಣ್ಣದು. ಆದರೆ ಕೊರೊನಾ ಕಾಲದಲ್ಲಿ ಲಕ್ಷಾಂತರ ಜನರ ಪ್ರಾಣ ಈ ಪ್ರಶ್ನೆಯ ಮೇಲೆ ನಿಂತಿತ್ತು. ಆ ದಿನಗಳಲ್ಲಿ ನಾನೂ ಒಂದು ತಪ್ಪು ಮಾಡಿದೆ. ಅದನ್ನೂ ಇಂದು ಮುಚ್ಚಿಡದೆ ಹೇಳುತ್ತೇನೆ.

2019ರ ಡಿಸೆಂಬರ್‌ನಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಹೊಸ ವೈರಸ್ ಕೆಲವೇ ತಿಂಗಳಲ್ಲಿ ಲೋಕವನ್ನೆಲ್ಲ ಆವರಿಸಿತು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಆಗ ನಮ್ಮ ಕೈಯಲ್ಲಿ ಲಸಿಕೆ ಇರಲಿಲ್ಲ. ಆ ವೈರಸ್ಸಿಗೆಂದೇ ತಯಾರಾದ ಒಂದು ಮಾತ್ರೆಯೂ ಇರಲಿಲ್ಲ. ಹೊಸ ಔಷಧಿಯೊಂದನ್ನು ಕಂಡುಹಿಡಿದು, ಮೊದಲು ಪ್ರಾಣಿಗಳ ಮೇಲೆ, ಬಳಿಕ ಮನುಷ್ಯರ ಮೇಲೆ ಪರೀಕ್ಷಿಸಿ, ಅಂಗಡಿಗೆ ತರಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿರುವವನಿಗೆ ಹತ್ತು ವರ್ಷ ಕಾಯಿರಿ ಎಂದು ಹೇಳಲಾದೀತೇ?

ಹೇಳದೆ ಕೇಳದೆ ಮನೆಗೆ ನೆಂಟರು ಬಂದರೆ ಅಮ್ಮ ಏನು ಮಾಡುತ್ತಾರೆ? ಪೇಟೆಗೆ ಆಳು ಓಡಿಸುವ ಮೊದಲು ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡುತ್ತಾರೆ. ವೈದ್ಯಲೋಕವೂ ಆಗ ಅದನ್ನೇ ಮಾಡಿತು. ಮಲೇರಿಯಾದ ಮಾತ್ರೆ, ಎಚ್‌ಐವಿಯ ಮಾತ್ರೆ, ಹುಳದ ಮಾತ್ರೆ, ಸಂಧಿವಾತದ ಇಂಜೆಕ್ಷನ್, ಹೀಗೆ ಇದ್ದ ಔಷಧಿಗಳಲ್ಲಿ ಯಾವುದಾದರೂ ಈ ಹೊಸ ರೋಗಕ್ಕೆ ಆದೀತೇ ಎಂದು ಹುಡುಕತೊಡಗಿತು.

ಇದು ಹುಚ್ಚು ಸಾಹಸವೇನಲ್ಲ. ಇದಕ್ಕೆ ಗೌರವದ ಇತಿಹಾಸವಿದೆ. ನೋವಿಗೂ ಜ್ವರಕ್ಕೂ ಬಳಸುತ್ತಿದ್ದ ಆಸ್ಪಿರಿನ್ ಇಂದು ಹೃದಯಾಘಾತವಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆಯಾಗಿದೆ. 1964ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿಗೆಂದು ತಯಾರಿಸಿದ ಜಿಡೋವುಡಿನ್ ಎಂಬ ಔಷಧಿ ಕ್ಯಾನ್ಸರಿಗೆ ಪ್ರಯೋಜನವಾಗದೆ ಮೂಲೆ ಸೇರಿತ್ತು. 1987ರಲ್ಲಿ ಅದೇ ಏಡ್ಸ್ ರೋಗಕ್ಕೆ ಅನುಮತಿ ಪಡೆದ ಮೊದಲ ಔಷಧಿಯಾಯಿತು. ಹಳೆಯ ಔಷಧಿಯಿಂದಾಗುವ ಅನುಕೂಲಗಳು ಸ್ಪಷ್ಟ. ಎಷ್ಟು ಕೊಡಬೇಕೆಂಬುದು ಗೊತ್ತಿರುತ್ತದೆ, ಅಡ್ಡಪರಿಣಾಮಗಳು ಗೊತ್ತಿರುತ್ತವೆ, ಕಾರ್ಖಾನೆಗಳು ಅದನ್ನು ತಯಾರಿಸುತ್ತಲೇ ಇರುತ್ತವೆ, ಬೆಲೆಯೂ ಅನೇಕ ವೇಳೆ ಕಡಿಮೆ. ಗೊತ್ತಿಲ್ಲದಿರುವುದು ಒಂದೇ: ಅದು ಈ ಹೊಸ ರೋಗವನ್ನು ಗುಣಪಡಿಸುತ್ತದೆಯೇ? ಮಿಕ್ಕಿದ್ದೆಲ್ಲ ಗೊತ್ತಿರುವುದರಿಂದ ಇದೂ ಗೊತ್ತಿದೆ ಎಂದು ನಾವು ಭ್ರಮಿಸುತ್ತೇವೆ. ಅಪಾಯವಿರುವುದು ಅಲ್ಲಿಯೇ.

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹೆಸರು ನಿಮಗೆಲ್ಲ ನೆನಪಿರಬಹುದು. 2020ರಲ್ಲಿ ಅದು ಮಕ್ಕಳ ಬಾಯಲ್ಲೂ ಇತ್ತು. 1955ರಿಂದ ಬಳಕೆಯಲ್ಲಿರುವ ಈ ಔಷಧಿ ಮಲೇರಿಯಾಕ್ಕೂ, ಲೂಪಸ್ ಮತ್ತು ರುಮಟಾಯ್ಡ್ ಸಂಧಿವಾತ ಎಂಬ ಕಾಯಿಲೆಗಳಿಗೂ ಉಪಯೋಗವಾಗುತ್ತದೆ. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದ ತಂಡವೊಂದು ಇದರಿಂದ ಕೊರೊನಾ ವೈರಸ್ ಬೇಗ ಮಾಯವಾಗುತ್ತದೆ ಎಂಬ ವರದಿ ಪ್ರಕಟಿಸಿತು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಅಮೆರಿಕದ ಅಧ್ಯಕ್ಷರೇ ಅದನ್ನು ಹೊಗಳಿದರು. ಅದೇ ತಿಂಗಳ 28ರಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ತುರ್ತು ಬಳಕೆಗೆ ಅನುಮತಿ ಕೊಟ್ಟಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಸೋಂಕಿತರ ಸೇವೆಯಲ್ಲಿರುವ ಆರೋಗ್ಯ ಸಿಬ್ಬಂದಿ ಮುನ್ನೆಚ್ಚರಿಕೆಯಾಗಿ ಇದನ್ನು ಸೇವಿಸಬಹುದೆಂದು ಸಲಹೆ ನೀಡಿತು.

ಆ ಫ್ರೆಂಚ್ ಅಧ್ಯಯನದಲ್ಲಿ ಎಷ್ಟು ರೋಗಿಗಳಿದ್ದರು ಬಲ್ಲಿರಾ? ಲೆಕ್ಕಕ್ಕೆ ತೆಗೆದುಕೊಂಡದ್ದು ಕೇವಲ 36. ಔಷಧಿ ಪಡೆದವರು ಮೊದಲು 26 ಮಂದಿ ಇದ್ದರು. ಅವರಲ್ಲಿ ಆರು ಮಂದಿಯನ್ನು ಲೆಕ್ಕದಿಂದ ಬಿಡಲಾಗಿತ್ತು. ಆ ಆರರಲ್ಲಿ ಮೂವರು ತೀವ್ರ ನಿಗಾ ಘಟಕಕ್ಕೆ ಹೋಗಿದ್ದರು, ಒಬ್ಬರು ತೀರಿಕೊಂಡಿದ್ದರು, ಒಬ್ಬರು ಆಸ್ಪತ್ರೆ ಬಿಟ್ಟು ಹೋಗಿದ್ದರು, ಇನ್ನೊಬ್ಬರು ವಾಕರಿಕೆಯಿಂದ ಮಾತ್ರೆ ನಿಲ್ಲಿಸಿದ್ದರು. ವಿದ್ಯಾರ್ಥಿಗಳೇ, ನಪಾಸಾದವರ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ ನೂರು ಎಂದರೆ ನೀವು ಒಪ್ಪುತ್ತೀರಾ? ಆ ಲೇಖನವನ್ನು ಪತ್ರಿಕೆಯು ಕೊನೆಗೆ 2024ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಆದರೆ ಮಾತ್ರೆ ನುಂಗಿದವರು ನುಂಗಿಯಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಮಾರ್ಚ್ ತಿಂಗಳ ಕೊನೆಯಲ್ಲಿ ನಾನು ಆ ಮಾತ್ರೆಯ ಕೆಲವು ಪಟ್ಟಿಗಳನ್ನು ತರಿಸಿ ಕ್ಲಿನಿಕ್ಕಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ನನಗಿರಲಿ ಎಂದು ಇಟ್ಟುಕೊಂಡದ್ದಕ್ಕೆ ಸಲಹೆಯ ನೆಪವಾದರೂ ಇತ್ತು. ಆದರೆ ನೆಂಟರಿಷ್ಟರು ಫೋನ್ ಮಾಡಿ ನಮಗೂ ಬರೆದುಕೊಡಿ ಎಂದಾಗ ಇಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಬರೆದುಕೊಟ್ಟೆ. ಏಪ್ರಿಲ್ ತಿಂಗಳಲ್ಲಿ ಹಳ್ಳಿಯಿಂದ ಒಬ್ಬ ಹಿರಿಯ ಹೆಂಗಸು ಮಗನ ಬೈಕಿನಲ್ಲಿ ಬಂದರು. ಆರೇಳು ವರ್ಷಗಳಿಂದ ರುಮಟಾಯ್ಡ್ ಸಂಧಿವಾತಕ್ಕೆ ಅವರು ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಹತ್ತು ದಿನಗಳಿಂದ ಮಾತ್ರೆ ಇಲ್ಲ. ಬೆರಳಿನ ಗಂಟುಗಳು ಊದಿಕೊಂಡು, ಸೆರಗು ಸರಿಪಡಿಸಿಕೊಳ್ಳಲೂ ಆಗುತ್ತಿರಲಿಲ್ಲ. ಮಗ ಪೇಟೆಯ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದಿದ್ದ. ಆ ತಾಯಿ ಕೇಳಿದರು: "ಡಾಕ್ಟ್ರೇ, ಇಷ್ಟು ವರ್ಷ ಸಿಗ್ತಿತ್ತಲ್ಲ, ನನ್ನ ಮಾತ್ರೆ ಈಗ ಯಾರು ನುಂಗಿದ್ರು?"

ಅವರು ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ನಾನು ಡ್ರಾಯರ್ ತೆರೆದು ಇದ್ದುದನ್ನೆಲ್ಲ ಅವರ ಕೈಗೆ ಕೊಟ್ಟೆ. ಯಾರು ನುಂಗಿದ್ದೆಂದು ಮಾತ್ರ ಹೇಳಲಿಲ್ಲ.

ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಔಷಧಿ ಮನುಷ್ಯನಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಎಂದು ನೀವು ಕೇಳಬಹುದು. ಇಲ್ಲೊಂದು ಸೊಗಸಾದ ವಿಜ್ಞಾನವಿದೆ, ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವಂಥದ್ದು. ಕ್ಲೋರೋಕ್ವಿನ್ ಜಾತಿಯ ಔಷಧಿಗಳನ್ನು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸಿದ್ದು ಹೆಚ್ಚಾಗಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದ ಜೀವಕೋಶಗಳ ಮೇಲೆ. ಆ ಕೋಶದೊಳಗೆ ಹೋಗಲು ವೈರಸ್ ಒಂದು ಆಮ್ಲೀಯ ಚೀಲವನ್ನು ಹಾದುಹೋಗಬೇಕು. ಈ ಔಷಧಿ ಆ ಚೀಲದ ಆಮ್ಲತೆಯನ್ನು ಕಡಿಮೆ ಮಾಡುತ್ತದೆ. ದಾರಿ ಮುಚ್ಚುತ್ತದೆ. ಆದರೆ ಮನುಷ್ಯನ ಶ್ವಾಸಕೋಶದ ಕೋಶದ ಮೇಲ್ಮೈಯಲ್ಲಿ ಬೇರೊಂದು ಕಿಣ್ವವಿದೆ. ಅದರ ಸಹಾಯದಿಂದ ವೈರಸ್ ಚೀಲದ ಗೊಡವೆಯಿಲ್ಲದೆ ನೇರವಾಗಿ ಒಳನುಗ್ಗುತ್ತದೆ. ಶ್ವಾಸಕೋಶದ ಕೋಶಗಳ ಮೇಲೆ ಕ್ಲೋರೋಕ್ವಿನ್ ವೈರಸ್ಸನ್ನು ತಡೆಯುವುದಿಲ್ಲವೆಂದು 2020ರ ಜುಲೈಯಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಹಿಂಬಾಗಿಲಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಮಲಗಿದ್ದೆವು, ಮುಂಬಾಗಿಲು ತೆರೆದೇ ಇತ್ತು.

ಹಾಗಾದರೆ ಸತ್ಯವನ್ನು ತಿಳಿಯುವ ದಾರಿ ಯಾವುದು? ಒಬ್ಬ ರೋಗಿಗೆ ಮಾತ್ರೆ ಕೊಟ್ಟೆವು, ಅವನು ಗುಣವಾದ. ಇದರಿಂದ ಏನೂ ತಿಳಿಯುವುದಿಲ್ಲ. ಕೊರೊನಾ ಬಂದವರಲ್ಲಿ ಬಹುಪಾಲು ಜನ ಯಾವ ಮಾತ್ರೆಯೂ ಇಲ್ಲದೆ ಗುಣವಾಗುತ್ತಿದ್ದರು. ಮಾತ್ರೆ ಪಡೆದವರನ್ನು ಪಡೆಯದವರ ಜೊತೆ ಹೋಲಿಸಬೇಕು. ಆ ಎರಡು ಗುಂಪುಗಳೂ ವಯಸ್ಸು, ಆರೋಗ್ಯ, ರೋಗದ ತೀವ್ರತೆ ಎಲ್ಲದರಲ್ಲೂ ಸಮನಾಗಿರಬೇಕು. ವೈದ್ಯರೇ ಆರಿಸಿದರೆ ತಿಳಿಯದೆಯೇ ಪಕ್ಷಪಾತ ನುಸುಳುತ್ತದೆ. ಆದ್ದರಿಂದ ಚೀಟಿ ಎತ್ತಬೇಕು.

1940ರ ದಶಕದ ಬ್ರಿಟನ್ನಿನ ಪ್ರಸಂಗವನ್ನು ನೋಡಿ. ಕ್ಷಯರೋಗಕ್ಕೆ ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧಿ ಬಂದಿತ್ತು, ಆದರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಮುಚ್ಚಿದ ಲಕೋಟೆಗಳ ಮೂಲಕ ಯಾರಿಗೆ ಔಷಧಿ, ಯಾರಿಗೆ ಬರೀ ಹಾಸಿಗೆಯ ವಿಶ್ರಾಂತಿ ಎಂದು ನಿರ್ಧರಿಸುವ ಏರ್ಪಾಡು ಮಾಡಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಸಾವು, ಪಡೆಯದ 52 ಮಂದಿಯಲ್ಲಿ 14 ಸಾವು. ವಾದಕ್ಕೆ ಅವಕಾಶವೇ ಉಳಿಯಲಿಲ್ಲ. ಚೀಟಿ ಎತ್ತುವುದು ಕ್ರೂರವೆಂದು ನಿಮಗೆ ಅನಿಸಬಹುದು. ಆದರೆ ಶ್ರೀಮಂತನಿಗೆ, ಶಿಫಾರಸು ಇದ್ದವನಿಗೆ ಮೊದಲು ಎನ್ನುವುದಕ್ಕಿಂತ ಚೀಟಿಯೇ ನ್ಯಾಯವಲ್ಲವೇ? ಜೊತೆಗೆ, ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂದು ಗೊತ್ತಿಲ್ಲದಿರುವಾಗ ಯಾರು ಅದೃಷ್ಟವಂತರೆಂದು ಹೇಳುವವರು ಯಾರು?

2020ರಲ್ಲಿ ಬ್ರಿಟನ್ನಿನವರು ಇದೇ ದಾರಿ ಹಿಡಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ನೇತೃತ್ವದಲ್ಲಿ ಮಾರ್ಚ್‌ನಲ್ಲಿ 'ರಿಕವರಿ' ಎಂಬ ಪರೀಕ್ಷೆ ಆರಂಭವಾಯಿತು. ಅಲ್ಲಿನ 170ಕ್ಕೂ ಹೆಚ್ಚು ಸರಕಾರಿ ಆಸ್ಪತ್ರೆಗಳು ಸೇರಿಕೊಂಡವು. ಜೂನ್ ತಿಂಗಳ ಹೊತ್ತಿಗೆ 11,000ಕ್ಕೂ ಹೆಚ್ಚು ರೋಗಿಗಳು ಒಪ್ಪಿಗೆ ಕೊಟ್ಟು ಭಾಗವಹಿಸಿದ್ದರು. ಯಾರಿಗೆ ಯಾವ ಔಷಧಿ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತಿತ್ತು. ಪ್ರಶ್ನೆ ಒಂದೇ: 28 ದಿನಗಳೊಳಗೆ ರೋಗಿ ಬದುಕಿದ್ದಾರೆಯೇ, ಇಲ್ಲವೇ?

ಜೂನ್ 5ರಂದು ಮೊದಲ ಉತ್ತರ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ಮಂದಿಯನ್ನು ಪಡೆಯದ 3,155 ಮಂದಿಯೊಂದಿಗೆ ಹೋಲಿಸಲಾಗಿತ್ತು. ಅಂತಿಮ ಲೆಕ್ಕದಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 27 ಮಂದಿ, ಪಡೆಯದವರಲ್ಲಿ ನೂರಕ್ಕೆ 25 ಮಂದಿ ತೀರಿಕೊಂಡಿದ್ದರು. ಉಪಕಾರ ಇಲ್ಲವೇ ಇಲ್ಲ. ಹತ್ತು ದಿನಗಳ ಬಳಿಕ ಅಮೆರಿಕ ತನ್ನ ತುರ್ತು ಅನುಮತಿಯನ್ನು ಹಿಂದಕ್ಕೆ ಪಡೆಯಿತು.

ಜೂನ್ 16ರಂದು ಎರಡನೆಯ ಉತ್ತರ ಬಂತು. ಈ ಬಾರಿ ಔಷಧಿ ಡೆಕ್ಸಾಮೆಥಾಸೋನ್. 1950ರ ದಶಕದಲ್ಲಿ ತಯಾರಾದ ಸ್ಟೀರಾಯ್ಡ್. ದಮ್ಮು, ಅಲರ್ಜಿ, ಕೀಲುನೋವು ಮುಂತಾದವುಗಳಿಗೆ ನಾವು ಬರೆಯುತ್ತಲೇ ಬಂದದ್ದು. ಒಂದು ಮಾತ್ರೆಯ ಬೆಲೆ ಒಂದು ಲೋಟ ಚಹಾಕ್ಕಿಂತ ಕಡಿಮೆ. ಅದರ ಬಗ್ಗೆ ಯಾವ ನಾಯಕರೂ ಭಾಷಣ ಮಾಡಿರಲಿಲ್ಲ. ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಕೊಟ್ಟಿದ್ದರು. ಕೃತಕ ಉಸಿರಾಟದ ಯಂತ್ರದಲ್ಲಿದ್ದವರಲ್ಲಿ, ಔಷಧಿ ಇಲ್ಲದಿದ್ದಾಗ ನೂರಕ್ಕೆ 41 ಮಂದಿ ಸಾಯುತ್ತಿದ್ದರೆ, ಔಷಧಿ ಪಡೆದಾಗ 29ಕ್ಕೆ ಇಳಿಯಿತು. ಕೇವಲ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ ಇಳಿಯಿತು. ಕೊರೊನಾದಲ್ಲಿ ಪ್ರಾಣ ಉಳಿಸುತ್ತದೆಂದು ಸಾಬೀತಾದ ಮೊದಲ ಔಷಧಿ ಇದೇ. ಅದೇ ತಿಂಗಳು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಇದನ್ನು ಚಿಕಿತ್ಸಾ ಕ್ರಮದಲ್ಲಿ ಸೇರಿಸಿತು. 2021ರ ಮಾರ್ಚ್ ವೇಳೆಗೆ ಜಗತ್ತಿನಲ್ಲಿ ಸುಮಾರು ಹತ್ತು ಲಕ್ಷ ಪ್ರಾಣಗಳು ಇದರಿಂದ ಉಳಿದಿವೆ ಎಂದು ಬ್ರಿಟನ್ನಿನ ಆರೋಗ್ಯ ಸೇವೆ ಅಂದಾಜು ಮಾಡಿತು.

ಆದರೆ ಅದೇ ಪರೀಕ್ಷೆ ಇನ್ನೊಂದು ಮಾತನ್ನೂ ಹೇಳಿತ್ತು. ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಡೆಕ್ಸಾಮೆಥಾಸೋನ್‌ನಿಂದ ಲಾಭವಿಲ್ಲ. ಅವರಲ್ಲಿ ಸಾವು ನೂರಕ್ಕೆ 14ರ ಬದಲು 18ರ ಹತ್ತಿರವಿತ್ತು. ಹಾನಿಯ ಸೂಚನೆಯೇ ಕಂಡಿತ್ತು. ಕಾರಣ ಇಷ್ಟು. ಈ ಔಷಧಿ ವೈರಸ್ಸನ್ನು ಕೊಲ್ಲುವುದಿಲ್ಲ. ರೋಗ ಬಲಿತಾಗ ನಮ್ಮದೇ ರೋಗನಿರೋಧಕ ವ್ಯವಸ್ಥೆ ಉರಿದೆದ್ದು ಶ್ವಾಸಕೋಶವನ್ನು ಸುಡತೊಡಗುತ್ತದೆ. ಆ ಉರಿಯನ್ನು ಸ್ಟೀರಾಯ್ಡ್ ತಣಿಸುತ್ತದೆ. ಮೊದಲ ದಿನಗಳಲ್ಲಿ ವೈರಸ್ಸಿನೊಡನೆ ಹೋರಾಡಲು ಅದೇ ವ್ಯವಸ್ಥೆ ನಮಗೆ ಬೇಕು. ಆಗಲೇ ಅದನ್ನು ಕುಗ್ಗಿಸಿದರೆ ಕಾವಲುಗಾರನ ಕೈ ಕಟ್ಟಿದಂತೆ.

ಈ ಎರಡನೆಯ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲ. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಔಷಧಿ ಚೀಟಿಗಳ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ನನ್ನ ಬಳಿ ಬಂದ ಯುವಕನೊಬ್ಬ, ಬೆಂಗಳೂರಿನಲ್ಲಿದ್ದ ನೆಂಟರ ಚೀಟಿ ನೋಡಿ, ಜ್ವರ ಬಂದ ಎರಡನೆಯ ದಿನದಿಂದಲೇ ಸ್ಟೀರಾಯ್ಡ್ ತೆಗೆದುಕೊಂಡಿದ್ದ. ಉಸಿರಾಟ ಸರಿಯಾಗಿಯೇ ಇತ್ತು. ಸಕ್ಕರೆ ಕಾಯಿಲೆ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ನಿರೋಧಕ ಶಕ್ತಿಯನ್ನು ಇಳಿಸುತ್ತದೆ. ಕಪ್ಪು ಶಿಲೀಂಧ್ರಕ್ಕೆ ಬೇಕಾದದ್ದು ಇವೆರಡೇ. ಅವನು ಬದುಕಿದ, ಒಂದು ಕಣ್ಣು ಉಳಿಯಲಿಲ್ಲ. ಆ ವರ್ಷದ ಜುಲೈ ವೇಳೆಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನರಿಗೆ ಕಪ್ಪು ಶಿಲೀಂಧ್ರ ತಗುಲಿತ್ತೆಂದು ಸರಕಾರ ಸಂಸತ್ತಿಗೆ ತಿಳಿಸಿತು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡಿನ ತಪ್ಪು ಬಳಕೆ ಇದರ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದರು. ಲಕ್ಷಾಂತರ ಜನರನ್ನು ಉಳಿಸಿದ ಅದೇ ಮಾತ್ರೆ ಇಲ್ಲಿ ವಿಷವಾಯಿತು. ಬದಲಾದದ್ದು ಮಾತ್ರೆಯಲ್ಲ, ಕೊಟ್ಟ ಸಮಯ ಮತ್ತು ಕೊಟ್ಟ ರೋಗಿ.

ಉಳಿದ ಔಷಧಿಗಳ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಐವರ್‌ಮೆಕ್ಟಿನ್ ನದಿಕುರುಡು ಎಂಬ ರೋಗದಿಂದ ಕೋಟ್ಯಂತರ ಜನರನ್ನು ಕಾಪಾಡಿದ ಮಹಾ ಔಷಧಿ. ಅದಕ್ಕೆ ಕಾರಣರಾದ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದು ತಟ್ಟೆಯಲ್ಲಿ ಕೊರೊನಾ ವೈರಸ್ಸನ್ನು ತಡೆದದ್ದು ನಿಜ. ಆದರೆ ಮನುಷ್ಯನ ರಕ್ತದಲ್ಲಿ ಎಂದೂ ಮುಟ್ಟಲಾಗದಷ್ಟು ಹೆಚ್ಚಿನ ಪ್ರಮಾಣದಲ್ಲಿ. ಬ್ರೆಜಿಲ್ ದೇಶದಲ್ಲಿ 1,358 ರೋಗಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಎಚ್‌ಐವಿಯ ಲೋಪಿನಾವಿರ್, ಅಜಿಥ್ರೋಮೈಸಿನ್, ಕೊಲ್ಚಿಸಿನ್ ಇವೂ 'ರಿಕವರಿ' ಪರೀಕ್ಷೆಯಲ್ಲಿ ಸೋತವು. ಇನ್ನೊಂದೆಡೆ ಸಂಧಿವಾತದ ಎರಡು ಔಷಧಿಗಳಾದ ಟೋಸಿಲಿಜುಮ್ಯಾಬ್ ಮತ್ತು ಬ್ಯಾರಿಸಿಟಿನಿಬ್, ತೀವ್ರವಾಗಿ ನರಳುತ್ತಿದ್ದವರಲ್ಲಿ ಸಾವನ್ನು ಕಡಿಮೆ ಮಾಡಿ ಗೆದ್ದವು. ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ನಮ್ಮಲ್ಲಿ ಅತಿ ಜಾಣರೂ ಮೊದಲೇ ಹೇಳಲು ಸಾಧ್ಯವಿರಲಿಲ್ಲ.

ಇಂಥ ಪರೀಕ್ಷೆ ವಿದೇಶದವರ ಕೆಲಸ, ನಮ್ಮದಲ್ಲ ಎಂದು ತಿಳಿಯಬೇಡಿ. ಗುಣಮುಖರಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಡುವ ಹಳೆಯ ಪದ್ಧತಿಯೊಂದಿದೆ. 2020ರಲ್ಲಿ ಅದಕ್ಕಾಗಿ ನಮ್ಮ ಜನ ಎಷ್ಟು ಪರದಾಡಿದರು! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ವರ್ಷದ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಪರೀಕ್ಷಿಸಿತು. ರೋಗ ಉಲ್ಬಣಗೊಂಡವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ 18. ವ್ಯತ್ಯಾಸವಿಲ್ಲ. ಈ ವಿಷಯದಲ್ಲಿ ಜಗತ್ತಿಗೆ ಮೊದಲು ಉತ್ತರ ಕೊಟ್ಟವರ ಸಾಲಿನಲ್ಲಿ ನಮ್ಮ ದೇಶದ ವೈದ್ಯರೂ, ರೋಗಿಗಳೂ ಇದ್ದಾರೆ. ಆದರೂ ಪ್ಲಾಸ್ಮಾವನ್ನು ಚಿಕಿತ್ಸಾ ಕ್ರಮದಿಂದ ತೆಗೆದದ್ದು 2021ರ ಮೇ ತಿಂಗಳಲ್ಲಿ. ಉತ್ತರ ಕಂಡುಕೊಳ್ಳುವುದು ಒಂದು ಕೆಲಸ, ಅದಕ್ಕೆ ತಲೆಬಾಗುವುದು ಇನ್ನೊಂದು ಕೆಲಸ.

ಪೋಷಕರೇ, ಮುಂದೆಯೂ ಹೊಸ ರೋಗಗಳು ಬರುತ್ತವೆ. ಆಗ ಮತ್ತೆ ಯಾವುದೋ ಹಳೆಯ ಮಾತ್ರೆಯ ಹೆಸರು ನಿಮ್ಮ ಫೋನಿಗೆ ಬಂದೇ ಬರುತ್ತದೆ. ಅಂಗಡಿಗೆ ಓಡುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಔಷಧಿಯನ್ನು ಪಡೆದವರನ್ನು ಪಡೆಯದವರೊಂದಿಗೆ ನ್ಯಾಯವಾಗಿ ಹೋಲಿಸಿ ನೋಡಿದ್ದಾರೆಯೇ? ನೋಡಿದ್ದರೆ, ಯಾವ ಹಂತದ ರೋಗಿಗೆ ಲಾಭವಾಯಿತು, ನನ್ನ ಮನೆಯವರು ಆ ಹಂತದಲ್ಲಿದ್ದಾರೆಯೇ? ಮೂರನೆಯದು, ನಾನು ಕೂಡಿಟ್ಟುಕೊಳ್ಳುವ ಈ ಮಾತ್ರೆ ಇಲ್ಲದೆ ಬೇರೆ ಯಾರಾದರೂ ನರಳುತ್ತಾರೆಯೇ? ವೈದ್ಯರು ಔಷಧಿ ಬರೆಯಲು ಹಿಂಜರಿದರೆ ಅವರಿಗೆ ಏನೂ ಗೊತ್ತಿಲ್ಲವೆಂದು ಬೇರೆ ಕಡೆ ಹೋಗಬೇಡಿ. ಬರೆಯದೆ ಇರುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ಆ ಧೈರ್ಯ ಒಂದು ಕಾಲದಲ್ಲಿ ನನ್ನಲ್ಲಿ ಇರಲಿಲ್ಲ ಎಂಬುದನ್ನು ನಾನೇ ಹೇಳಿದ್ದೇನೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ವೈದ್ಯರಾಗಬೇಕೆಂದು ಬಯಸುತ್ತೀರಿ, ಒಳ್ಳೆಯದು. ಆದರೆ ಎಲ್ಲರಿಗೂ ಆ ಸೀಟು ಸಿಗುವುದಿಲ್ಲ. ಸಿಗದಿದ್ದಾಗ ಮನೆಯವರು ಕಣ್ಣೀರಿಡುವುದನ್ನು ನಾನು ನೋಡಿದ್ದೇನೆ. ಇಂದು ನಾನು ಹೇಳಿದ ಕತೆಯಲ್ಲಿ ಪ್ರಾಣ ಉಳಿಸಿದವರು ವೈದ್ಯರು ಮಾತ್ರವಲ್ಲ. ಅಂಕಿಅಂಶ ಲೆಕ್ಕಹಾಕಿದವರು, ಔಷಧಶಾಸ್ತ್ರ ಓದಿದವರು, ಪ್ರತಿ ರೋಗಿಯ ವಿವರವನ್ನು ತಪ್ಪಿಲ್ಲದೆ ಬರೆದಿಟ್ಟ ದಾದಿಯರು, ಎಲ್ಲರೂ ಸೇರಿ ಉಳಿಸಿದರು. ಬ್ರಾಡ್‌ಫರ್ಡ್ ಹಿಲ್ ವೈದ್ಯಕೀಯ ಪದವಿ ಪಡೆದವರಲ್ಲ. ವೈದ್ಯರಾಗಬೇಕೆಂದಿದ್ದ ಅವರಿಗೆ ಕ್ಷಯರೋಗ ತಗುಲಿ ಆ ಆಸೆ ಕೈಬಿಡಬೇಕಾಯಿತು. ಲೆಕ್ಕದ ಪುಸ್ತಕ ಹಿಡಿದ ಅದೇ ಮನುಷ್ಯ ಮುಂದೆ ಕ್ಷಯದ ಔಷಧಿಯನ್ನು ಪರೀಕ್ಷಿಸುವ ದಾರಿ ತೋರಿಸಿದರು.

ಆ ಹಿರಿಯ ಹೆಂಗಸು ಈಗಲೂ ನನ್ನ ಬಳಿ ಬರುತ್ತಾರೆ. ಮಾತ್ರೆ ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಕಳೆದ ಬಾರಿ ಬಂದಾಗ ಅವರ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟೆ. "ಅಮ್ಮಾ, ನಿಮ್ಮ ಮಾತ್ರೆ ನುಂಗಿದ್ದು ನಾವೇ, ನಮಗೆ ಅದರಿಂದ ಏನೂ ಆಗಲಿಲ್ಲ" ಎಂದೆ. ಅವರು ನಕ್ಕುಬಿಟ್ಟರು. "ಹೆದರಿಕೆ ಯಾರಿಗಿಲ್ಲ ಡಾಕ್ಟ್ರೇ, ಇನ್ನೊಂದು ಸಲ ಕೇಳಿ ನುಂಗಿ" ಎಂದರು.

ನಾನು ಹೇಳಬೇಕೆಂದಿದ್ದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದಾರೆ. ಬಹುಮಾನ ಪಡೆಯಲಿರುವ ಮಕ್ಕಳಿಗೆಲ್ಲ ಶುಭಾಶಯಗಳು.